ಅತ್ತೆಯವರ ಗುಲಾಬಿಗೆ ಸೊನ್ನೆ ತುಂಬಿದ ಕಂಪೈಲರ್ ಅವರಿಗೆ

ಮಾನ್ಯ ಸಿ ಕಂಪೈಲರ್ ಅವರೇ,

ನಾನು ಬರೆದ ಪ್ರೋಗ್ರಾಮನ್ನು ಒಂದಕ್ಷರವೂ ಬಿಡದೆ ಓದಿ ಯಂತ್ರಕ್ಕೆ ತಿಳಿಸುವ ಜಗತ್ತಿನ ಏಕೈಕ ಓದುಗರಾದ ತಮಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಬಾಲ್ಕನಿಯಲ್ಲಿ ಮಾತ್ರ ಯಾರೂ ಕ್ಷೇಮವಾಗಿಲ್ಲ.

ನನ್ನ ಅತ್ತೆಯವರು ಕಣ್ಣಿನ ಆಪರೇಷನ್ ಮುಗಿಸಿ, ನನ್ನ ಹೆಂಡತಿಯೊಂದಿಗೆ ಹಿರಿಮಗಳ ಮನೆಯಲ್ಲಿ ವಿಶ್ರಾಂತಿಗೆ ನಿಂತಾಗ, ತಮ್ಮ ಗಿಡಗಳನ್ನು ನನಗೆ ಒಪ್ಪಿಸಿದ್ದರು. ಮೂರು ಹಂತದ ಸ್ಟ್ಯಾಂಡು, ಹಂತಕ್ಕೆ ನಾಲ್ಕು ಕುಂಡ. ಕಟ್ಟಕಡೆಯದರಲ್ಲಿ ತೀರಿಹೋದ ಮಾವನವರು ನೆಟ್ಟ ಗುಲಾಬಿ. ಮಗ್ಗಿನಲ್ಲಿ ನೀರು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಕಂಪ್ಯೂಟರ್ ಬಲ್ಲ ಅಳಿಯ ಮಗ್ಗು ಹಿಡಿಯುವುದುಂಟೇ? ಪುಟ್ಟದೊಂದು ಮೋಟರು ತಂದು, ಯಾವ ಕುಂಡಕ್ಕೆ ಎಷ್ಟು ಸೆಕೆಂಡು ನೀರು ಎಂದು ಮೂರು ಸಾಲು, ನಾಲ್ಕು ಕಾಲಮ್ಮಿನ ಅರೇ, ಅಂದರೆ ಸಂಖ್ಯೆಗಳ ಕೋಷ್ಟಕ, ಬರೆದೆ.

ಮೊದಲು ಕೈತಪ್ಪಿ ಹದಿಮೂರು ಸಂಖ್ಯೆ ಬರೆದಾಗ, ಒಂದು ಹೆಚ್ಚಾಯಿತೆಂದು ತಾವು ಎಚ್ಚರಿಸಿದಿರಿ; ಆ ಸೂಕ್ಷ್ಮದೃಷ್ಟಿಗೆ ಮನಸೋತೆ. ಆ ಹೆಚ್ಚಿನದನ್ನು ತೆಗೆದು ತಿದ್ದುವಾಗ, ಎರಡನೆಯ ಕುಂಡದ ಕಳ್ಳಿಗೆ ನೀರೇ ಬೇಡವಲ್ಲ ಎಂದು, ಸೊನ್ನೆಯನ್ನೂ ಬರೆಯದೆ ಅದನ್ನು ಬಿಟ್ಟೇಬಿಟ್ಟೆ. ಉಳಿದದ್ದು ಹನ್ನೊಂದು. ಈ ಸಲ ತಾವು ತುಟಿಪಿಟಕ್ಕೆನ್ನಲಿಲ್ಲ. ಪಕ್ಕದ ಜರೀಗಿಡದ ನೀರು ಕಳ್ಳಿಗೆ ಬಂತು, ಅದರಾಚೆಯ ಎಲ್ಲರ ಪಾಲೂ ಒಂದೊಂದು ಕುಂಡ ಹಿಂದಕ್ಕೆ ಸರಿಯಿತು, ಕೊನೆಗೆ ಖಾಲಿ ಉಳಿದ ಗುಲಾಬಿಯ ಜಾಗಕ್ಕೆ ತಾವು ಉದಾರ ಹೃದಯದಿಂದ ಸೊನ್ನೆ ತುಂಬಿದಿರಿ. ಇದೇ ಕಸುಬಿನ ನನ್ನ ಹೆಂಡತಿ, ಸಾಲಿಗೊಂದು ಆವರಣ ಚಿಹ್ನೆ ಹಾಕಿದರೆ ಒಂದು ಸಾಲಿನ ತಪ್ಪು ಇನ್ನೊಂದಕ್ಕೆ ದಾಟುವುದಿಲ್ಲವೆಂದು ಫೋನಿನಲ್ಲಿ ಹೇಳಿದ್ದಳು. ಅದು ಬರೀ ಅಲಂಕಾರವೆಂದು ನಾನು ನಕ್ಕಿದ್ದೆ. ತಾವೇ ಒಪ್ಪಿದ ಮೇಲೆ ನನ್ನದೇನು ಎಂದು ಬಾಲ್ಕನಿಯ ಕಡೆ ಇಣುಕಿಯೂ ನೋಡಲಿಲ್ಲ.

ಮನೆಗೆ ಬಂದ ಅತ್ತೆಯವರು ತಿಳಿಯಾದ ಕಣ್ಣಿನಲ್ಲಿ ಮೊದಲು ಕಂಡದ್ದು ಕೊಳೆತ ಕಳ್ಳಿ, ಒಣಗಿದ ಗುಲಾಬಿ. ತಪ್ಪು ಸಂಪೂರ್ಣ ಕಂಪೈಲರ್ ಆದ ತಮ್ಮದೇ ಎಂದು ನಾನು ಸವಿಸ್ತಾರವಾಗಿ ವಿವರಿಸಿದೆ. ಅವರು ಕೇಳಿದ್ದು ಇಷ್ಟೇ: “ಅದಕ್ಕೆ ಕಣ್ಣಿಲ್ಲ, ಸರಿ. ನಿಮಗಿತ್ತಲ್ಲಪ್ಪಾ?”

ಆದುದರಿಂದ, ಇನ್ನು ಮುಂದೆ ಸಂಖ್ಯೆಗಳು ಕಡಿಮೆ ಬಿದ್ದಲ್ಲಿ, ಆ ಕುಂಡ ಯಾರದು, ಗಿಡ ನೆಟ್ಟವರು ಯಾರು, ಅತ್ತೆಯವರು ಬರುವುದು ಯಾವಾಗ ಎಂಬುದನ್ನೆಲ್ಲ ವಿಚಾರಿಸಿಯೇ ಸೊನ್ನೆ ತುಂಬಬೇಕೆಂದೂ, ಬರೆದವನ ಜಂಬ ಮಿತಿಮೀರಿದಲ್ಲಿ ಸಾಲಿನ ನಂಬರು ಸಮೇತ ತಡೆಯಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಆ ವಿಶ್ವಾಸದಿಂದಲೇ ಕೆಟ್ಟ,
ಒಬ್ಬ ಅಳಿಯ

ತಾ.ಕ.: ಈಗ ನನ್ನ ಕೈಯಲ್ಲಿ ಮಗ್ಗಿದೆ, ಪಕ್ಕದಲ್ಲಿ ಅತ್ತೆಯವರಿದ್ದಾರೆ, ಹೆಚ್ಚಾದರೂ ಹೇಳುತ್ತಾರೆ, ಕಡಿಮೆಯಾದರೂ ಹೇಳುತ್ತಾರೆ, ತಾವು ಕಲಿಯುವುದು ಬಹಳವಿದೆ. ಕೊನೆಯ ಕುಂಡದಲ್ಲಿ ಒಣಕಡ್ಡಿ ಮಾತ್ರ ಉಳಿದಿದೆ. ಅದಕ್ಕೂ ದಿನಾ ನೀರು ಹಾಕಬೇಕೆಂದಿದ್ದಾರೆ. ಹಾಕುತ್ತಿದ್ದೇನೆ, ಅಲ್ಲಿ ಸೊನ್ನೆ ಎನ್ನುವ ಧೈರ್ಯ ತಮಗಿದ್ದೀತು, ನನಗಿಲ್ಲ.