ತಲೆಯ ಮೇಲೆ ಕರೆಂಟು

ನನಗೆ ಸಿಟ್ಟು ಬೇಗ ಬರುತ್ತದೆ. ಮುಚ್ಚಿಟ್ಟು ಉಪಯೋಗವಿಲ್ಲ, ಗುಡೇಕೋಟೆಯ ಈಚೆ ನಮ್ಮೂರಿನಲ್ಲಿ ಹಿಟ್ಟು ಬೀಸಿಸುವವರಿಗೆಲ್ಲ ಇದು ಗೊತ್ತು. ಸಿಟ್ಟು ಬಂದರೆ ಬೇರೆಯವರ ಮುಖ ಕೆಂಪಾಗುತ್ತದಂತೆ. ನಾನು ಗಿರಣಿ ನಡೆಸುವವನು. ಮುಖದ ಮೇಲೆ ಸದಾ ಜೋಳದ ಹಿಟ್ಟು ಇರುವುದರಿಂದ ನನ್ನ ಸಿಟ್ಟು ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ಊರ ಗುಡ್ಡದ ಮೇಲೆ ಕಂಪನಿಯವರು ಕರೆಂಟು ತೆಗೆಯುವ ಗಾಳಿ ಫ್ಯಾನುಗಳನ್ನು ನಿಲ್ಲಿಸಿದ ವರ್ಷವಂತೂ ಅದು ಹೊಲದವರೆಗೂ ಕೇಳಿಸುತ್ತಿತ್ತು. ಅಲ್ಲ, ಕರೆಂಟು ಹುಟ್ಟುವುದು ನನ್ನ ತಲೆಯ ಮೇಲೆ, ಇಲ್ಲದಿರುವುದು ನನ್ನ ಗಿರಣಿಯಲ್ಲಿ! ಹೊರಗೆ ಬಂದು ನೋಡಿದರೆ ಆ ರೆಕ್ಕೆಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಒಳಗೆ ಕುರಿ ಸಾಕುವ ಹುಲಿಗೆವ್ವ ಡಬ್ಬಿ ಹಿಡಿದು, "ಅರ್ಧ ಹಿಟ್ಟು, ಅರ್ಧ ಕಾಳು. ಇದರಾಗ ರೊಟ್ಟಿ ಹೆಂಗ ಬಡೀಲಿ ಕೊಟ್ರಣ್ಣ?" ಎಂದು ನನ್ನನ್ನೇ ಕೇಳುತ್ತಿದ್ದಳು. ಆಕೆಯ ಸಂಕಟ ಅದೊಂದೇ ಅಲ್ಲ. ಕುರಿಗಳು ಮೇಯಲು ಹೋಗುವ ದಾರಿಗೆ ಕಂಪನಿ ಗೇಟು ಹಾಕಿತ್ತು.

ಪಂಚಾಯ್ತಿ ಮುಂದೆ ಸಭೆ ಸೇರಿತು. ಕಂಪನಿಗೆ ಜೀಪು ಬಾಡಿಗೆಗೆ ಬಿಟ್ಟಿದ್ದ ಪಕ್ಕದ ಮನೆಯ ಬಸಣ್ಣ ಎದ್ದು, "ಇನ್ನಷ್ಟು ಫ್ಯಾನು ಬಂದ್ರ ಊರು ಮುಂದ ಬರ್ತೈತ್ರಿ" ಎಂದ.

"ನಿನ್ನ ಜೀಪು ಮುಂದ ಬರ್ತೈತಲೇ, ಊರಲ್ಲ!" ಎಂದು ಕೂಗಿದೆ.

ಕಂಪನಿಯ ಎಳೆಯ ಎಂಜಿನಿಯರು ನಗುತ್ತಲೇ ಹೇಳಿದ: "ಇಲ್ಲಿನ ಕರೆಂಟು ನೇರವಾಗಿ ದೊಡ್ಡ ಲೈನಿಗೆ ಹೋಗುತ್ತೆ ಸರ್. ಊರಿಗೆ ಕೊಡೋದು ನಮ್ಮ ಕೈಯಲ್ಲಿಲ್ಲ."

"ನಮ್ಮ ಗುಡ್ಡ ಮಾತ್ರ ನಿಮ್ಮ ಕೈಗೆ ಹೆಂಗ ಬಂತ್ರಿ?"

ಎಂಜಿನಿಯರು ನೀರು ಕುಡಿದ. ನನ್ನ ಜೀವನದಲ್ಲಿ ನಾನಾಡಿದ ಒಳ್ಳೆಯ ಮಾತು ಅದೊಂದೇ. ಹೆಂಡತಿ ಅಂದು ಸಭೆಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ಹತ್ತಾರು ಜನರೊಂದಿಗೆ ಗೇಟಿನ ಮುಂದೆ ಕೂತೆ. ಘೋಷಣೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಹುಲಿಗೆವ್ವ ಏನೂ ಮಾತಾಡದೆ ತನ್ನ ಕುರಿಗಳನ್ನು ರಸ್ತೆಗೆ ಬಿಟ್ಟಳು. ಹೊಸ ಫ್ಯಾನಿನ ಉದ್ದನೆಯ ರೆಕ್ಕೆ ಹೊತ್ತು ಬಂದ ಲಾರಿ ಮುಂದೆ ಹೋಗಲಾರದೆ, ಹಿಂದೆ ತಿರುಗಲಾರದೆ ನಿಂತುಬಿಟ್ಟಿತು. ಎಂಜಿನಿಯರು ಗುಡ್ಡದಿಂದ ಓಡುತ್ತಾ ಇಳಿದು ಬಂದ. ಈ ಸಲ ನಗು ಇರಲಿಲ್ಲ. "ಗೇಟು ತೆಗೀತೀವಮ್ಮ. ಕುರಿಗಳು ದಿನಾ ಹೋಗಲಿ" ಎಂದ.

ಗೇಟು ತೆರೆಯಿತು. ಕುರಿಗಳು ಗುಡ್ಡ ಹತ್ತಿದವು, ಜನ ಎದ್ದರು. ನಾನು ಏಳಲಿಲ್ಲ.

"ಕರೆಂಟಿಂದು ಏನಾತು?"

"ಹೇಳಿದೆನಲ್ಲ ಸರ್, ನಮ್ಮ ಕೈಯಲ್ಲಿಲ್ಲ" ಎಂದು ಚಹಾ ತರಿಸಿಕೊಟ್ಟ. ಮುಟ್ಟಬಾರದೆಂದುಕೊಂಡೆ. ಗಂಟಲು ಕೇಳಲಿಲ್ಲ, ಕುಡಿದೆ. ಅದು ಚೆನ್ನಾಗಿಯೇ ಇದ್ದದ್ದು ಇನ್ನಷ್ಟು ಸಿಟ್ಟು ತರಿಸಿತು. ಸಂಜೆಯವರೆಗೆ ಒಬ್ಬನೇ ಕೂತು, ಕೊನೆಗೆ ಊರಿನ ದಾರಿ ಹಿಡಿದೆ.

ಗಿರಣಿಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಬೀಗ ಹಾಕಿ ಎಲ್ಲಿ ಹೋಗಿದ್ರಿ? ಮುಂಜಾನಿಂದ ಕರೆಂಟು ಒಂದ್ ಸಲನೂ ಹೋಗಿಲ್ಲ. ಮಂದಿ ಕಾದು ಕಾದು ಆಚಿ ಊರಿನ ಗಿರಣಿಗೆ ಹೋದ್ರು."

ಬಯ್ಯಲೆಂದು ಬಾಯಿ ತೆರೆದೆ. ಗುಡ್ಡದ ಮೇಲೆ ಫ್ಯಾನು ತಿರುಗುತ್ತಿತ್ತು, ಮನೆಮನೆಯಲ್ಲೂ ದೀಪ ಉರಿಯುತ್ತಿತ್ತು. ಬಯ್ಯಿಸಿಕೊಳ್ಳಲು ಉಳಿದವನು ನಾನೊಬ್ಬನೇ.