ತಾನೇ ಹೋಗುವ ತಪ್ಪೊಪ್ಪಿಗೆ

ಹಳೆಯ ಕಂಪ್ಯೂಟರುಗಳನ್ನು ಬದಲಾಯಿಸುತ್ತೇವೆ, ಬೇಕಾದದ್ದನ್ನು ಅವರವರೇ ತೆಗೆದಿಟ್ಟುಕೊಳ್ಳಿ ಎಂಬ ನೋಟೀಸು ಆ ಪಂಪು ಕಾರ್ಖಾನೆಯ ಬೋರ್ಡಿಗೆ ಹತ್ತಿ ವಾರವಾಗಿತ್ತು. ಉಗ್ರಾಣದ ಗುಮಾಸ್ತರು ಅದನ್ನು ಓದಿದ್ದರು. ಓದಿ, ಎಲ್ಲರ ಹಾಗೆ ಮರೆತಿದ್ದರು. ಅವತ್ತು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಗದೆ ಇದ್ದಿದ್ದರೆ ಆ ಮರೆವಿನಿಂದ ಯಾರಿಗೂ ನಷ್ಟವಿರಲಿಲ್ಲ.

ಜಗಳ ಎಂದರೆ ಅಂಥದ್ದೇನಲ್ಲ. ಆಕೆ ಇವರ ಅಂಗಿಗೆ ಗುಂಡಿ ಹೊಲಿಯುತ್ತ, ತಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯ ಸುದ್ದಿ ಹೇಳುತ್ತಿದ್ದಳು. ಬಸ್ಸಿನ ಅವಸರದಲ್ಲಿದ್ದ ಇವರು, "ನಿನ್ನ ಮಾತಿಗೆ ತಲೆನೂ ಇಲ್ಲ, ಬುಡನೂ ಇಲ್ಲ" ಅಂದುಬಿಟ್ಟರು. ಆಕೆ ದಾರವನ್ನು ಹಲ್ಲಲ್ಲಿ ಕಡಿದು, ಅಂಗಿ ಕೈಗಿಟ್ಟು, ಬಾಯಿ ಮುಚ್ಚಿದಳು. ಕೂಗಾಡುವವಳಾಗಿದ್ದರೆ ಹೇಗೋ ಬದುಕಬಹುದಿತ್ತು. ಈಕೆ ಮುನಿದರೆ ಮಾತು ಬಿಡುವವಳು. ಹಿಂದೊಮ್ಮೆ ಒಂಬತ್ತು ದಿನ ಬಿಟ್ಟಿದ್ದಳು. ಹತ್ತನೆಯ ದಿನ ಇವರು ಗೋಡೆ ಗಡಿಯಾರವನ್ನು ಮಾತಾಡಿಸಲು ಶುರುಮಾಡಿದ್ದರು.

ಬಾಯಿಬಿಟ್ಟು 'ತಪ್ಪಾಯ್ತು' ಎನ್ನುವುದು ಗುಮಾಸ್ತರ ಜಾಯಮಾನದಲ್ಲೇ ಇರಲಿಲ್ಲ. ಆದರೆ ಬರೆಯಲು ಯಾರು ಬೇಡ ಅಂದರು? ಆ ಹತ್ತನೆಯ ದಿನ ಆಫೀಸಿನಲ್ಲಿ ಅರ್ಧ ದಿನ ಕೂತು, ಹೊಡೆದು ಹಾಕಿ, ತಿದ್ದಿ, ನಾಲ್ಕು ಸಾಲು ಬರೆದರು. ಹೆಂಡತಿಗೆ ಮೇಲ್ ಕಳಿಸಿದರು. ಐದು ನಿಮಿಷದಲ್ಲಿ ಉತ್ತರ ಬಂತು, ಸಂಜೆ ಮಾತೂ ಬಂತು. ಇಂಥ ರಾಮಬಾಣವನ್ನು ಒಂದೇ ಸಲಕ್ಕೆ ಖರ್ಚು ಮಾಡುವವರುಂಟೇ? ಆ ನಾಲ್ಕು ಸಾಲನ್ನು, ಗುಂಡಿ ಒತ್ತಿದರೆ ಮೇಲ್‌ನ ಕೊನೆಗೆ ಅಂಟಿಕೊಂಡು ಹೋಗುವ ಸಿಗ್ನೇಚರ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡರು. ಹನ್ನೊಂದು ವರ್ಷದಿಂದ ಜಗಳವಾದಾಗಲೆಲ್ಲ ಒಂದು ಗುಂಡಿ ಒತ್ತುವುದು, ಕ್ಷಮೆ ಹೋಗುವುದು. ಗಂಡ ಪ್ರತಿ ಸಲವೂ ಕೂತು ಮನಸ್ಸು ಬಿಚ್ಚಿ ಬರೆಯುತ್ತಾನೆ ಎಂದು ಪಾಪ ಆಕೆ ನಂಬಿದ್ದಾಳೆ ಎಂಬುದು ಇವರ ನಂಬಿಕೆ.

ಅವತ್ತು ಉಗ್ರಾಣಕ್ಕೆ ಬಂದು ನೋಡಿದರೆ ಮೇಜಿನ ಮೇಲೆ ಮದುಮಗನ ಹಾಗೆ ಹೊಸ ಕಂಪ್ಯೂಟರು ಕೂತಿತ್ತು. ಹೆಂಡತಿಯ ವಿಳಾಸ ಹಾಕಿ ಗುಂಡಿ ಒತ್ತಿದರು. ಕೆಳಗೆ ಏನೂ ಬರಲಿಲ್ಲ. ಮೊಬೈಲಿನಲ್ಲಿ ನೋಡಿದರೆ 'ನನ್ನ ಮೊಬೈಲಿನಿಂದ ಕಳಿಸಿದ್ದು' ಅಂತಿತ್ತು. ಅದನ್ನು ಓದಿ ಯಾವ ಹೆಂಡತಿ ಕರಗುತ್ತಾಳೆ? ನೆನಪಿನಿಂದ ಬರೆಯೋಣವೆಂದರೆ 'ತಪ್ಪೆಲ್ಲ ನನ್ನದೇ' ಆದಮೇಲೆ ತಲೆ ಖಾಲಿ.

ಪಕ್ಕದ ಟಪಾಲು ವಿಭಾಗದ ಅಕ್ಕನಿಗೆ ಇವರ ಮುಖ ನೋಡಿಯೇ ಗೊತ್ತಾಯಿತು. "ಏನು ಕಳ್ಕೊಂಡ್ರಿ ಅಣ್ಣ?"

"ಸಿಗ್ನೇಚರ್ರು."

"ಅಷ್ಟೇನಾ? ಹಿಂದೆ ಕಳಿಸಿದ ಮೇಲ್ ತೆಗೀರಿ, ಅದರ ಬುಡದಲ್ಲಿ ಇರತ್ತೆ."

"ಅವನ್ನೆಲ್ಲ ಕಳಿಸಿದ ಕೂಡ್ಲೇ ಅಳಿಸಿಬಿಟ್ಟಿದ್ದೀನಿ ಕಣಮ್ಮ."

"ಯಾಕೆ?"

"ಯಾರಾದ್ರೂ ನೋಡಿದ್ರೆ..."

ಅಕ್ಕನ ಕಿವಿ ನೆಟ್ಟಗಾಯಿತು. "ಯಾರಿಗೆ ಕಳಿಸಿದ್ದು?"

"ಮನೆಯವಳಿಗೆ."

"ಹಾಗಾದ್ರೆ ಅತ್ತಿಗೆಗೇ ಫೋನ್ ಮಾಡಿ, ಒಂದು ವಾಪಸ್ ಕಳಿಸು ಅನ್ನಿ."

"ಅಯ್ಯೋ, ಬೇಡ ಬೇಡ! ಹಾಗೆ ಕೇಳಿದ್ರೆ ನನ್ನ ಕತೆ ಮುಗೀತು!"

ಅಕ್ಕ ಸುಮ್ಮನಿರುವ ಪೈಕಿಯಲ್ಲ. ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವವರನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಅವರು ನಲವತ್ತು ದಾಟಿದ, ಸಜ್ಜನರಾದ, ಆದರೆ ಗುಟ್ಟನ್ನೂ ಊರಿಗೆಲ್ಲ ಕೇಳುವಂತೆ ಹೇಳುವ ಗಂಟಲಿನವರು. "ಹೊಸ ಮಷೀನಿಗೆ ಮೇಲ್ ಬಂದ್ರೂ ಸಿಗ್ನೇಚರ್ ಜೊತೆಗೆ ಬರಲ್ಲ ಸಾರ್! ಹಳೇ ಮಷೀನಿನ ಹೊಟ್ಟೆಯೊಳಗೇ ಇರತ್ತೆ! ನಿಮ್ಮದು ಯಾವುದು?"

ಮೆಟ್ಟಿಲ ಕೆಳಗೆ ಮೂವತ್ತು ಹಳೆಯ ಕಂಪ್ಯೂಟರುಗಳು ಒಂದರ ಮೇಲೊಂದು ಬಿದ್ದಿದ್ದವು. "ಹಿಂದುಗಡೆ ಸ್ಕ್ರೂ ಬಿದ್ದುಹೋಗಿತ್ತು. ಪಂಪಿನ ರಬ್ಬರ್ ವಾಷರ್ ಹಾಕಿ ಬಿಗಿದಿದ್ದೀನಿ" ಎಂದರು ಗುಮಾಸ್ತರು. ಮೂವರೂ ಧೂಳಿನಲ್ಲಿ ಮಂಡಿಯೂರಿದರು. ಇಪ್ಪತ್ತಾರನೆಯದಕ್ಕೆ ವಾಷರ್ ಸಿಕ್ಕಿತು. ಅಷ್ಟರಲ್ಲಿ ಏನೋ ನಿಧಿ ತೆಗೆಯುತ್ತಿದ್ದಾರೆಂದು ಅರ್ಧ ಆಫೀಸು ಮೆಟ್ಟಿಲ ಮೇಲೆ ಸೇರಿತ್ತು. ಕಂಪ್ಯೂಟರಿನವರು ವೈರು ಚುಚ್ಚಿ, ಹುಡುಕಿ, "ಇದೇನಾ ನೋಡಿ ಸಾರ್!" ಎಂದು ಓದಿಯೇಬಿಟ್ಟರು.

"ತಪ್ಪೆಲ್ಲ ನನ್ನದೇ. ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ. ನೀನು ಮಾತಾಡದ ಮನೆ ನನಗೆ ಮನೆ ಅನ್ನಿಸುವುದಿಲ್ಲ. ಬೇಗ ಬರುತ್ತೇನೆ ಬಂಗಾರ, ಬಾಗಿಲು ತೆಗೆದಿಡು."

ಯಾರೂ ನಗಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮನೆಯವರೂ ಇದ್ದಾರೆ, ಒಂದಕ್ಷರ ಬರೆದವರಲ್ಲ" ಎಂದಳು. ಗುಮಾಸ್ತರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಕಂಪ್ಯೂಟರಿನವರೂ ಕರಗಿಹೋಗಿದ್ದರು. "ಇಂಥದ್ದು ಕಳೀಬಾರದು ಸಾರ್!" ಎಂದು ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿದರು, ಹೊಸ ಕಂಪ್ಯೂಟರಿಗೊಂದು, ಮೊಬೈಲಿಗೊಂದು. "ಇನ್ನು ನೀವು ಬೇಡ ಅಂದ್ರೂ ಹೋಗಲ್ಲ!"

ಗುಮಾಸ್ತರು ಕೂಡಲೇ ಹೆಂಡತಿಗೆ ಕಳಿಸಿದರು. ಊಟದ ಹೊತ್ತಿಗೆ ಉತ್ತರ ಬಂತು: "ಆಯ್ತು, ಬಿಡಿ. ನಾನೂ ಸ್ವಲ್ಪ ಜಾಸ್ತಿನೇ ಮುನಿಸಿಕೊಂಡೆ. ಹುಷಾರಾಗಿ ಬನ್ನಿ." ಸದ್ಯ, ಹೋದ ಜೀವ ಬಂದಂತಾಯಿತು. ಅದೇ ಹುರುಪಿನಲ್ಲಿ ಮ್ಯಾನೇಜರಿಗೆ ವಾರದಿಂದ ಬಾಕಿಯಿದ್ದ ಉತ್ತರ ಬರೆದರು. ನಲವತ್ತು ಡಬ್ಬಿ ವಾಷರ್ ಕಡಿಮೆಯಾದದ್ದು ಉಗ್ರಾಣದ ತಪ್ಪಲ್ಲ, ಲಾರಿಗೆ ಹೇರುವ ವಿಭಾಗದ್ದು ಎಂದು ಎರಡು ಪುಟ ಪುರಾವೆ ಸಮೇತ ಬರೆದು ಕಳಿಸಿದರು. ಹತ್ತೇ ನಿಮಿಷಕ್ಕೆ ಕರೆ ಬಂತು.

ಮ್ಯಾನೇಜರು ಕನ್ನಡಕ ತೆಗೆದು ಇವರನ್ನು ನೋಡಿದರು. "ಎರಡು ಪುಟ ನನ್ನ ತಪ್ಪಲ್ಲ ಅಂತ ಬರ್ದು, ಕೊನೆಗೆ ತಪ್ಪೆಲ್ಲ ನನ್ನದೇ ಅಂದಿದ್ದೀರಿ. ಯಾವುದನ್ನ ನಂಬಲಿ?"

ಗುಮಾಸ್ತರಿಗೆ ಆಗ ಹೊಳೆಯಿತು. ಬೇಡ ಅಂದರೂ ಹೋಗಲ್ಲ ಎಂದರೆ, ಗುಂಡಿ ಒತ್ತದಿದ್ದರೂ ಎಲ್ಲ ಮೇಲ್‌ಗೂ ತಾನೇ ಅಂಟಿಕೊಳ್ಳುತ್ತದೆ ಅಂತಲೇ!

"ಅದಿರಲಿ, ಈ ಬಂಗಾರ ಅನ್ನೋದು? ನಮ್ಮಮ್ಮನೂ ನನ್ನನ್ನ ಹಾಗೆ ಕರೆದಿಲ್ಲ ಕಣ್ರೀ."

ನಿಜ ಹೇಳಲು ನಾಚಿಕೆ. ಕೊನೆಗೆ, ತಪ್ಪೊಪ್ಪಿಕೊಂಡ ಪ್ರಾಮಾಣಿಕತೆಗೆ ಮೆಚ್ಚುಗೆ, ತಪ್ಪಿಗೆ ಮೂರು ತಿಂಗಳು ಪ್ರತಿ ಶನಿವಾರ ಉಗ್ರಾಣದ ಎಣಿಕೆ ಎಂದು ತೀರ್ಪಾಯಿತು. ಹಾಳಾಗಿ ಹೋಗಲಿ, ಮನೆಯಲ್ಲಿ ಮಾತಿದೆಯಲ್ಲ ಎಂದುಕೊಂಡು ಗುಮಾಸ್ತರು ಒಂದು ಬಸ್ಸು ಮೊದಲೇ ಹಿಡಿದರು.

ಬಾಗಿಲು ಹಾಕಿತ್ತು. ತಟ್ಟಿದರು. ಹೆಂಡತಿ ತೆಗೆದಳು, ಒಳಗೆ ಹೋದಳು. ಮಾತಿಲ್ಲ.

"ಏನೇ ಇದು? ಆಯ್ತು ಬಿಡಿ ಅಂತ ನೀನೇ ಬರೆದಿದ್ದೆಯಲ್ಲೇ!"

ಆಕೆ ತಿರುಗಿ ನಿಂತಳು. "ನಾನೆಲ್ಲಿ ಬರ್ದೆ? ಅದು ನನ್ನ ಸಿಗ್ನೇಚರ್ರು ರೀ."

ಗುಮಾಸ್ತರು ಚೀಲವನ್ನು ಕೆಳಗಿಟ್ಟರು.

"ಮೊದಲನೇ ಸಲ ನಿಮ್ಮ ಮೇಲ್ ಓದಿ ಆಸ್ಪತ್ರೆ ಕೌಂಟರಿನಲ್ಲೇ ಅತ್ತಿದ್ದೆ. ಎರಡನೇ ಸಲ ನೋಡಿದ್ರೆ ಅದೇ ಸಾಲು, ಅದೇ ಚುಕ್ಕಿ. ಮೂರನೇ ಸಲವೂ ಅದೇ. ಸರಿ, ನಾನೂ ಒಂದು ಮಾಡಿಟ್ಕೊಂಡೆ. ನೀವು ಒಂದು ಸಲ ಬರ್ದು ಹನ್ನೊಂದು ವರ್ಷ ಕ್ಷಮೆ ಕೇಳಿದ್ರಿ. ನಾನೂ ಒಂದು ಸಲ ಬರ್ದು ಹನ್ನೊಂದು ವರ್ಷ ಕ್ಷಮಿಸಿದೆ."

"ಮತ್ತೆ ಅಷ್ಟು ಸಲ ಸಂಜೆ ಮಾತಾಡ್ತಿದ್ದೆಯಲ್ಲ?"

"ಗುಂಡಿ ಒತ್ತೋವಾಗಲಾದ್ರೂ ನನ್ನ ನೆನಪಾಗಿರತ್ತಲ್ಲ ಅಂತ. ನನ್ನ ಮಾತಿಗೆ ತಲೆಬುಡ ಇಲ್ಲ ಅಂದ್ರಲ್ಲ, ಇವತ್ತು ಮಾತೇ ಬೇಡ ಅನ್ನಿಸ್ತು. ಇವತ್ತಿನ ಮುನಿಸು ಹಾಗೇ ಇದೆ."

ಗುಮಾಸ್ತರು ಕುರ್ಚಿಯ ಮೇಲೆ ಕುಸಿದರು. "ತಪ್ಪೆಲ್ಲ..." ಎಂದು ಶುರುಮಾಡಿದರು.

"ಅದು ಬೇಡ. ಬೇರೆ ಹೇಳಿ."

ಪೆನ್‌ಡ್ರೈವಿನಲ್ಲಿ ಒಂದಿತ್ತು, ಕಂಪ್ಯೂಟರಿನಲ್ಲಿ ಒಂದಿತ್ತು, ಮೊಬೈಲಿನಲ್ಲಿ ಒಂದಿತ್ತು. ಬಾಯಲ್ಲಿ ಮಾತ್ರ ಏನೂ ಇರಲಿಲ್ಲ. ಕಣ್ಣು ತುಂಬಿ ಬಂತು.

"ನಂಗೆ ಹೇಳೋಕೆ ಬರಲ್ಲ ಕಣೇ."

"ಗೊತ್ತು" ಎಂದಳು ಆಕೆ. ಒಂದು ಲೋಟ ನೀರು ತಂದು ಅವರ ಮುಂದಿಟ್ಟಳು, ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ನಿಧಾನಕ್ಕೆ ಹೇಳಿ. ನಂಗೇನೂ ಅವಸರ ಇಲ್ಲ."