ಕೊಂಡುಕುರಿಯ ಕೊಂಬು

ಪ್ಲೇಗು ಎರಡನೆಯ ಸಲ ಬಂದುಹೋದ ಮೇಲೆ ತರೀಕೆರೆಯ ಪೇಟೆ ಬೀದಿಯಲ್ಲಿ ನಡೆದ ಅತ್ಯಂತ ಗಂಭೀರವಾದ ಘಟನೆಯೆಂದರೆ, ಕೊಬ್ಬರಿ ವ್ಯಾಪಾರಿ ಷಣ್ಮುಖಪ್ಪ ತನ್ನ ಕೋವಿಯ ಧೂಳು ಒರೆಸಿದ್ದು. ಅದರ ಪರಿಣಾಮಗಳನ್ನು ಈವರೆಗೆ ಯಾರೂ ಸರಿಯಾಗಿ ವಿಚಾರಿಸಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ.

ಕೋವಿ ತಾತನ ಕಾಲದ್ದು; ನಳಿಗೆಯ ಬಾಯಿಂದ ಮದ್ದುಗುಂಡು ಜಡಿಯುವಂಥದು. ಅಂಗಡಿಯಲ್ಲಿ ತಕ್ಕಡಿಯ ಮೇಲುಗಡೆ ಮೊಳೆಗೆ ತೂಗುತ್ತಿತ್ತು. ಷಣ್ಮುಖಪ್ಪನ ಮನೆತನದವರು ಮಠದ ಭಕ್ತರು, ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವವರು. ಆ ಕೋವಿ ಒಂದು ಗುಬ್ಬಿಯ ಪ್ರಾಣವನ್ನೂ ತೆಗೆದಿರಲಿಲ್ಲ. ಆದರೂ ಅದರ ಕೆಳಗೆ ಕೂತು ಅವನು ಕೊಬ್ಬರಿಯ ಬೆಲೆ ಹೇಳಿದರೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಬೀದಿಯಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಮೊಳೆಗೇ ಜೋತುಬಿದ್ದಿತ್ತು.

ಅಂದು ಬೆಳಗ್ಗೆ ಧೂಳು ಒರೆಸಿ, ಒಂದು ಕಣ್ಣು ಮುಚ್ಚಿ, ಎದುರು ಅಂಗಡಿಯ ಸೋಮಶೇಖರಪ್ಪನ ರುಮಾಲಿಗೆ ಗುರಿ ಹಿಡಿದು ನೋಡುತ್ತಿದ್ದಾಗ ಅಮಲ್ದಾರರೊಬ್ಬರ ಗಾಡಿ ಬಂತು. ಅವರು ಯಾವ ತಾಲ್ಲೂಕಿನವರೆಂದು ಹೇಳದಿರುವುದೇ ಕ್ಷೇಮ. ಬೆಟ್ಟದ ಮೇಲೆ ಕೊಂಡುಕುರಿ ಬೇಟೆಗೆ ಹೊರಟಿದ್ದರು. ಕೊಂಡುಕುರಿಯೆಂದರೆ ಹೆಸರಿಗಷ್ಟೇ ಕುರಿ; ಜಿಂಕೆಯ ಹಾಗೆ ನೆಗೆಯುವ ಕಾಡುಪ್ರಾಣಿ, ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು. ಆ ಕೊಂಬುಗಳನ್ನು ತಮ್ಮ ಹಜಾರದಲ್ಲಿ ತೂಗುಹಾಕಬೇಕೆಂಬುದು ಅಮಲ್ದಾರರ ಬಹುದಿನದ ಆಸೆ.

ಕೋವಿ ಹಿಡಿದವರು ಯಾರೆಂದು ಅವರು ಕೇಳಿದರು. ಷಣ್ಮುಖಪ್ಪ ಬಾಯಿ ತೆರೆಯುವ ಮೊದಲೇ ಸೋಮಶೇಖರಪ್ಪ ಓಡಿಬಂದ.

"ನಮ್ಮ ಷಣ್ಮುಖಪ್ಪನವರು ಸ್ವಾಮಿ. ಬೇಟೇಲಿ ಇವರನ್ನ ಮೀರಿಸೋರು ಈ ಸೀಮೇಲೇ ಇಲ್ಲ. ದಿನಾ ಇವರೇ ಹೇಳ್ತಾರಲ್ಲ."

"ಹಾಗಿದ್ರೆ ಹತ್ರೀ ಗಾಡಿ," ಎಂದರು ಅಮಲ್ದಾರರು. "ಗೋಡೆಗೆ ತೂಗುಹಾಕೋಕೆ ಅಂತ ಸರ್ಕಾರ ಲೈಸೆನ್ಸು ಕೊಡಲ್ಲ."

ಮದ್ದು ತರಲು ಒಳಗೆ ಹೋದರೆ ಹೆಂಡತಿ ವಿಶಾಲಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಾಳೆ ಬೆಳಗ್ಗೆ ಸ್ವಾಮಿಗಳ ಪಾದಪೂಜೆ ನಮ್ಮನೇಲಿ. ಎಷ್ಟು ವರ್ಷ ಕಾದು ಸಿಕ್ಕಿರೋದು ಅಂತ ನೆನಪೈತಾ? ನೀವು ಜೀವ ತೆಗೆದು ಬಂದ್ರೆ ಅವರು ಹೊಸಲು ತುಳಿಯಲ್ಲ. ಯಾವಾಗ ತಪ್ಪೀತು ಅಂತ ಆ ಸೋಮಶೇಖರಪ್ಪ ಬಾಯ್ಬಿಟ್ಕೊಂಡು ಕೂತವ್ನೆ."

"ಕೊಂದ್ರೆ ತಾನೇ ಕಣೇ? ಮದ್ದು ಹಾಕ್ತೀನಿ, ಗುಂಡು ಹಾಕಲ್ಲ. ಸದ್ದು ಸರ್ಕಾರಕ್ಕೆ, ಪುಣ್ಯ ಸ್ವಾಮಿಗಳಿಗೆ."

ಗುಂಡಿನ ಜಾಗಕ್ಕೆ ಒಂದು ಹಿಡಿ ತೆಂಗಿನ ನಾರು ಜಡಿದು, ದಿಗ್ವಿಜಯಕ್ಕೆ ಹೊರಟವನ ಹಾಗೆ ಗಾಡಿ ಹತ್ತಿದ. ಹಿಂದುಗಡೆ, ಬರೀ ನೋಡುವುದಕ್ಕೆಂದು, ಸೋಮಶೇಖರಪ್ಪನೂ ಹತ್ತಿದ.

ಬೆಟ್ಟದ ಬುಡದಲ್ಲಿ ಗಾಡಿ ನಿಂತಿತು. ಅಲ್ಲಿಂದ ಷಣ್ಮುಖಪ್ಪನನ್ನು ಅಟ್ಟಕ್ಕೆ ಮೂಟೆ ಏರಿಸುವ ಹಾಗೆ ಏರಿಸಬೇಕಾಯಿತು: ಮೇಲಿಂದ ಒಬ್ಬ ಎಳೆದ, ಕೆಳಗಿಂದ ಇಬ್ಬರು ನೂಕಿದರು. ನಡುದಾರಿಯಲ್ಲಿ ಒಂದು ಕೆರ ಕಣಿವೆಗೆ ಉರುಳಿತು. ನಿಜವಾದ ಬೇಟೆಗಾರರು ಬರಿಗಾಲಲ್ಲೇ ನಡೆಯುವುದೆಂದು ಹೇಳಿ ಇನ್ನೊಂದನ್ನೂ ಎಸೆದ.

ಮೃಗಗಳನ್ನು ಎಬ್ಬಿಸಿ ಓಡಿಸುವವರ ಯಜಮಾನ ಚಿಕ್ಕಬೀರಪ್ಪ ಅಮಲ್ದಾರರನ್ನೂ ಷಣ್ಮುಖಪ್ಪನನ್ನೂ ಬಂಡೆಯ ಮರೆಯಲ್ಲಿ ಕೂರಿಸಿದ. "ಕೊಂಬು ಕಂಡ್ಮೇಲೆ ಹೊಡೀರಿ ಬುದ್ಧಿ," ಎಂದ. "ಹೆಣ್ಣಿಗೆ ಕೊಂಬಿಲ್ಲ. ಅದಕ್ಕೆ ಹೊಡದ್ರೆ ಜಂಗ್ಲಿ ಇಲಾಖೆಯೋರು ಕೋವಿ ಕಿತ್ಕಂಡೋಯ್ತಾರೆ."

"ನನಗೆ ಹೇಳಿಕೊಡ್ತೀಯೇನಯ್ಯಾ?" ಎಂದ ಷಣ್ಮುಖಪ್ಪ.

ಕೆಳಗಿನ ಇಳಿಜಾರಿನಲ್ಲಿ ತಮಟೆ ಹೊಡೆದುಕೊಂಡಿತು, ಕೂಗೆದ್ದಿತು. ಎದೆಯುದ್ದದ ಹುಲ್ಲು ಸರಸರನೆ ಸೀಳಿತು. ಕಂದು ಬಣ್ಣದ್ದೇನೋ ಚಿಮ್ಮಿತು. ಎರಡು ಕೋವಿಗಳೂ ಒಟ್ಟಿಗೇ ಹಾರಿದವು. ಅಮಲ್ದಾರರದು ಢಂ ಎಂದು ಸುಮ್ಮನಾಯಿತು. ಷಣ್ಮುಖಪ್ಪನದು ಮಾತ್ರ ಹಸಿ ಸೌದೆಯ ಒಲೆಯ ಹಾಗೆ ಬೆಟ್ಟಕ್ಕೆಲ್ಲ ಹೊಗೆ ತುಂಬಿತು. ಹೊಗೆ ಚದುರಿದಾಗ ಅವನು ಕಾಲು ಚಾಚಿ ಕೂತಿದ್ದ. ಎಡಗಡೆಯ ಮೀಸೆ ಸೀದುಹೋಗಿತ್ತು.

"ಬಿತ್ತು, ಬಿತ್ತು," ಎಂದು ಕೆಳಗಿನಿಂದ ಕೂಗಿದರು.

ಅಮಲ್ದಾರರು ಒಬ್ಬರೇ ಓಡಿದರು. ಹುಲ್ಲಿನೊಳಗೆ ಬಗ್ಗಿ ನೋಡಿದರು. ವಾಪಸು ಬರುವಾಗ ಅವರ ಮುಖದಲ್ಲಿ ದಾನ ಕೊಡುವವರ ಕಳೆ ಇತ್ತು.

"ಭೇಷ್ ಷಣ್ಮುಖಪ್ಪನವರೇ. ಗುಂಡು ನಿಮ್ದೇ. ನಂದು ಬಂಡೆಗೆ ಬಡೀತು."

ಬಂಡೆಯ ಹಿಂದಿನಿಂದ ಇಣುಕಿದ ಸೋಮಶೇಖರಪ್ಪ ತಾನೂ ಕಣ್ಣಾರೆ ಕಂಡೆನೆಂದ.

ಷಣ್ಮುಖಪ್ಪ ಯೋಚಿಸಿದ. ತೆಂಗಿನ ನಾರಿನಿಂದ ಯಾವ ಮೃಗವೂ ಸತ್ತಿದ್ದಿಲ್ಲ. ನಿಜ ಹೇಳಿದರೆ ಲೈಸೆನ್ಸು ಹೋಯಿತು. ಒಪ್ಪಿಕೊಂಡರೆ ಪೇಟೆಯಲ್ಲಿ ಹುಲಿ. ಸಂಜೆ ಊರಿಗೆ ಬರುವ ಸ್ವಾಮಿಗಳ ಕಿವಿಯಲ್ಲಿ ಮಾತ್ರ ನಾರಿನ ಸಂಗತಿ ಉಸುರಿದರೆ ಪಾದಪೂಜೆಯೂ ಉಳಿಯಿತು. ಕೊಬ್ಬರಿಯಲ್ಲೂ ಇಷ್ಟು ಲಾಭ ಕಂಡಿರಲಿಲ್ಲ. ಉಳಿದಿದ್ದ ಬಲಮೀಸೆಯನ್ನು ತಿರುವಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಾಲ್ಕು ಕೊಂಬಿನ ಮಧ್ಯಕ್ಕೇ ಗುರಿ ಇಟ್ಟಿದ್ದೆ ಸ್ವಾಮಿ."

ಆಗ ಚಿಕ್ಕಬೀರಪ್ಪನ ಕಡೆಯವರು ಪ್ರಾಣಿಯನ್ನು ಹುಲ್ಲಿನಿಂದ ಎಳೆದು ತಂದರು. ಅದರ ತಲೆ ಈಗತಾನೆ ಕ್ಷೌರ ಮಾಡಿಸಿಕೊಂಡ ಹಾಗೆ ನುಣ್ಣಗಿತ್ತು. ನಾಲ್ಕಿರಲಿ, ಒಂದು ಕೊಂಬೂ ಇರಲಿಲ್ಲ.

ಎಲ್ಲರೂ ಕೆಳಗಿಳಿದು ಬಂದಾಗ, ಸದ್ದು ಕೇಳಿ ಬಂದಿದ್ದ ಜಂಗ್ಲಿ ಇಲಾಖೆಯ ರೇಂಜರು ಬೆಟ್ಟದ ಬುಡದಲ್ಲೇ ನಿಂತಿದ್ದ. ಹೆಣ್ಣಿಗೆ ಹೊಡೆದವರು ಯಾರೆಂದು ಕೇಳಿದ. ಎಲ್ಲರ ಕೈಯೂ ಒಂದೇ ಕಡೆ ತಿರುಗಿತು. ಅಮಲ್ದಾರರದು ತುಸು ಮುಂಚೆಯೇ.

"ನನ್ನ ಕೋವೀಲಿ ಗುಂಡೇ ಇರ್ಲಿಲ್ಲ ಸ್ವಾಮಿ," ಎಂದ ಷಣ್ಮುಖಪ್ಪ. "ಬರೀ ತೆಂಗಿನ ನಾರು."

"ನಾರು ತುಂಬಿದ್ರೇ ಹಿಂಗೆ ಬೀಳುತ್ತಾ?" ಎಂದ ರೇಂಜರು. "ಹಂಗಾದ್ರೆ ಇಂಥ ಕೋವೀನ ಊರಲ್ಲಿ ಬಿಡೋದೇ ಅಪಾಯ ಕಣ್ರೀ. ಇತ್ಲಾಗೆ ಕೊಡಿ."

ಕಾಯಿದೆ ಎಲ್ಲರಿಗೂ ಒಂದೇ ಎಂದು ಅಮಲ್ದಾರರು ಬಹಳ ನೊಂದುಕೊಂಡು ಹೇಳಿದರು. ಸೋಮಶೇಖರಪ್ಪ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅಜ್ಜಂಪುರದಿಂದ ಬರುವ ಸ್ವಾಮಿಗಳನ್ನು ಎದುರುಗೊಳ್ಳಬೇಕೆಂದು ಸಿಕ್ಕಿದ ಗಾಡಿ ಹತ್ತಿ ಆಗಲೇ ಹೊರಟುಹೋಗಿದ್ದ. ಷಣ್ಮುಖಪ್ಪ ಬರಿಗಾಲಲ್ಲಿ ಊರು ಮುಟ್ಟುವ ಹೊತ್ತಿಗೆ ಕೊಂಡುಕುರಿಯ ಕತೆ ಸ್ವಾಮಿಗಳ ಕಿವಿ ಮುಟ್ಟಿತ್ತು.

ಮಾರನೆಯ ಬೆಳಗ್ಗೆ ಪಾದಪೂಜೆ ಸೋಮಶೇಖರಪ್ಪನ ಮನೆಯಲ್ಲಿ ನಡೆಯಿತು. ಷಣ್ಮುಖಪ್ಪನ ಅಂಗಡಿಯಲ್ಲಿ ಮೊಳೆ ಅಲ್ಲೇ ಇದೆ. ಜನ ಕೊಬ್ಬರಿಗೆ ಚೌಕಾಸಿ ಮಾಡುತ್ತಾರೆ.